ಕೊರೊನಾ ಲಾಕ್‌ಡೌನ್‌ನಲ್ಲಿ ನಿಮ್ಮ ಪಂಚಾಯಿತಿ, ನಿಮ್ಮ ವಾರ್ಡ್‌ಗೆ ಯಾರ ಮನೆಯ ಕಷ್ಟ ಗೊತ್ತಿತ್ತು? ಅದನ್ನು ಯಾರಾದರೂ ಬರೆದಿಟ್ಟರಾ?

ಕೆರೆಕೋಡಿ

ನಮ್ಮ ಪಂಚಾಯಿತಿಯ ನೀರಗಂಟಿ ಹೋದ ತಿಂಗಳು ನಿವೃತ್ತರಾದರು. ಕಚೇರಿಯಲ್ಲಿ ಹಾರ ಹಾಕಿ, ಶಾಲು ಹೊದಿಸಿ, ಎರಡು ಮಾತಾಡಿ ಕಳಿಸಿಕೊಟ್ಟೆವು. ಎಲ್ಲ ಮುಗಿದ ಮೇಲೆ ಅವರು ಸೈಕಲ್ ಕ್ಯಾರಿಯರ್‌ನಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಕೈಗಿಟ್ಟರು. ‘ಮೋಟಾರ್ ಮನೆ ಖಾಲಿ ಮಾಡುವಾಗ ಸಿಕ್ತು ಮೇಡಂ, ನಿಮ್ಮ ಹತ್ತಿರ ಇರಲಿ’ ಅಂದರು.

ಮಕ್ಕಳು ಲೆಕ್ಕ ಮಾಡುವ ನೂರು ಪುಟದ ಪುಸ್ತಕ. ರಟ್ಟು ನೀರು ಕುಡಿದು ಉಬ್ಬಿದೆ. ಒಳಗೆ 2020ರ ಏಪ್ರಿಲ್ ತಿಂಗಳ ಬರಹ. ಒಂದು ಮನೆಗೆ ಒಂದು ಸಾಲು.

‘ಹುಣಸೆಮರದ ಮನೆ. ಅಜ್ಜಿ ಒಬ್ಬರೇ. ಸಕ್ಕರೆ ಕಾಯಿಲೆ ಇಂಜೆಕ್ಷನ್. ಫ್ರಿಜ್ ಇಲ್ಲ, ಮಡಕೆ ಒಳಗೆ ಇಡ್ತಾರೆ. 18ಕ್ಕೆ ಮುಗಿಯುತ್ತೆ.’

‘ಹಿಟ್ಟಿನ ಗಿರಣಿ ಹಿಂದೆ. ಏಳು ತಿಂಗಳ ಬಸುರಿ. ಗಂಡ ಬೆಂಗಳೂರಲ್ಲಿ ಸಿಕ್ಕಿಕೊಂಡಿದ್ದಾನೆ.’

‘ಇಟ್ಟಿಗೆ ಗೂಡಿನವರು 11 ಜನ. ಕಾರ್ಡ್ ಇಲ್ಲ. ಅಕ್ಕಿ ಎರಡು ದಿನಕ್ಕೆ.’

ಹೀಗೆ 63 ಸಾಲು. 2020ರ ಮಾರ್ಚ್ 25ರಿಂದ ಎಲ್ಲ ಬಾಗಿಲೂ ಮುಚ್ಚಿದವು. ಆದರೆ ನೀರು ಬಿಡಲೇಬೇಕಲ್ಲ. ಬೆಳಗಿನ ಜಾವ ಐದಕ್ಕೆ ಒಂದೊಂದು ಬೀದಿಯ ವಾಲ್ವ್ ತಿರುಗಿಸುತ್ತಾ ಊರೆಲ್ಲ ಸುತ್ತುತ್ತಿದ್ದವರು ಅವರು. ಕೊಡ ಹಿಡಿದು ಬಂದ ಹೆಂಗಸರು ಅವರ ಹತ್ತಿರ ಹೇಳಿಕೊಂಡರು. ಅವರು ಬರೆದುಕೊಂಡರು. ಬರಿ ಅಂತ ಯಾರೂ ಹೇಳಿರಲಿಲ್ಲ.

ನನಗೆ ನೋವಾದದ್ದು ಇದಕ್ಕಲ್ಲ. 2020ರ ನಡುವಿನಲ್ಲಿ ಹಳೇ ಸದಸ್ಯರ ಅವಧಿ ಮುಗಿಯಿತು. ಆಡಳಿತಾಧಿಕಾರಿ ಬಂದರು. ಡಿಸೆಂಬರ್ 22 ಮತ್ತು 27ರಂದು ಚುನಾವಣೆ ಆಯಿತು. ನಾನು ಗೆದ್ದು ಬಂದೆ. ನಾಲ್ಕೇ ತಿಂಗಳಿಗೆ ಎರಡನೇ ಅಲೆ. 2021ರ ಮೇ 10ರಿಂದ ಮತ್ತೆ ಎಲ್ಲ ಬಂದ್. ಯಾರ ಮನೆಗೆ ಏನು ಬೇಕು ಅಂತ ನಾವು ಹೊಸದಾಗಿ ಪಟ್ಟಿ ಮಾಡಲು ಹೊರಟೆವು. ಎಂಟು ಹತ್ತು ದಿನ ಅದರಲ್ಲೇ ಹೋಯಿತು. ಜನ ಉಸಿರಿಗೆ ಒದ್ದಾಡುತ್ತಿದ್ದ ಹತ್ತು ದಿನ ಅವು. ಈ ಪುಸ್ತಕ ಆಗ ನಮ್ಮ ಕಚೇರಿಯಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಮೋಟಾರ್ ಮನೆಯ ಗೂಡಿನಲ್ಲಿ ಇತ್ತು.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಕಡೆ ಮನೆಮನೆಯ ಸಂಗತಿ ಯಾರಿಗೆ ಗೊತ್ತಿತ್ತು? ಅದು ಬರಹಕ್ಕೆ ಇಳಿಯಿತಾ? ಈಗ ಎಲ್ಲಿದೆ?

ಹಳೇ ಬಿಲ್ ಕಲೆಕ್ಟರ್

ಓದಿ ಮನಸ್ಸು ಹಿಂಡಿತು ತಾಯಿ. ಪಂಚಾಯಿತಿಯ ಬಿಲ್ ಕಲೆಕ್ಟರ್ ಕೆಲಸವನ್ನು ನಾನು 28 ವರ್ಷ ಮಾಡಿದ್ದೇನೆ. ಹಾಗಾಗಿ ಒಂದು ಮಾತು ಹೇಳಬಲ್ಲೆ.

ಪಂಚಾಯಿತಿಯಲ್ಲಿ ಪುಸ್ತಕಗಳಿಗೆ ಬರ ಇಲ್ಲ. ತೆರಿಗೆ ಬೇಡಿಕೆ ವಹಿ ಇದೆ. ಆಸ್ತಿ ದಾಖಲೆಯ ನಮೂನೆ 9, ನಮೂನೆ 11 ಇದೆ. ನೀರಿನ ಕಂದಾಯದ್ದು ಬೇರೆ. ಎಲ್ಲದರಲ್ಲೂ ಮನೆ ಇದೆ, ಮನೆಯ ಅಳತೆ ಇದೆ, ಯಜಮಾನನ ಹೆಸರಿದೆ. ಮನೆಯೊಳಗೆ ಯಾರಿದ್ದಾರೆ ಅನ್ನುವುದು ಒಂದರಲ್ಲೂ ಇಲ್ಲ. ಯಜಮಾನ ಸತ್ತು ಇಪ್ಪತ್ತು ವರ್ಷವಾಗಿದ್ದರೂ ವಹಿಯಲ್ಲಿ ಅವನೇ ಇರುತ್ತಾನೆ. ಬಾಡಿಗೆಗೆ ಇರುವವರು ಇಲ್ಲವೇ ಇಲ್ಲ. ಇಟ್ಟಿಗೆ ಗೂಡಿನವರು, ಕಬ್ಬು ಕಡಿಯಲು ಬಂದವರು, ಕುರಿ ಹಟ್ಟಿಯವರು ಇಲ್ಲ.

ಲಾಕ್‌ಡೌನ್ ಶುರುವಾದಾಗ ಪಂಚಾಯಿತಿ ಮಟ್ಟದಲ್ಲಿ ಕಾರ್ಯಪಡೆ ಮಾಡಿದರು. ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಆಶಾ, ಅಂಗನವಾಡಿಯವರು ಎಲ್ಲ ಸೇರಿ. ಮೊದಲ ಸಭೆಯಲ್ಲೇ ಪ್ರಶ್ನೆ ಬಂತು: ಯಾರಿಗೆ ಅಕ್ಕಿ ಇಲ್ಲ? ನಾನು ಬೇಡಿಕೆ ವಹಿ ತೆಗೆದು ಮುಂದಿಟ್ಟೆ. ಎರಡು ಪುಟ ತಿರುವಿ ಮುಚ್ಚಿಟ್ಟೆ. ಅದರಿಂದ ಒಂದು ಉತ್ತರವೂ ಸಿಗಲಿಲ್ಲ.

ಪಡಿತರ ಮಾತ್ರ ನಮ್ಮ ಕಡೆ ಚೆನ್ನಾಗಿ ನಡೆಯಿತು. ಏಪ್ರಿಲ್‌ನಲ್ಲಿ ಎರಡು ತಿಂಗಳದ್ದು ಒಟ್ಟಿಗೆ ಕೊಟ್ಟರು. ಜೊತೆಗೆ ಕೇಂದ್ರದ್ದು ತಲೆಗೆ 5 ಕೆಜಿ ಅಕ್ಕಿ. ಅಂಗಡಿ ಮುಂದೆ ಸುಣ್ಣದಲ್ಲಿ ವೃತ್ತ ಹಾಕಿದ್ದೆವು. ಬಿಸಿಲು ಜಾಸ್ತಿ ಆದಾಗ ಜನ ಚೀಲವನ್ನು ವೃತ್ತದಲ್ಲಿಟ್ಟು ತಾವು ಬೇವಿನ ಮರದ ಕೆಳಗೆ ಹೋಗಿ ಒತ್ತಾಗಿ ಕೂರುತ್ತಿದ್ದರು. ಆದರೆ ಇದೆಲ್ಲ ಕಾರ್ಡ್ ಇದ್ದವರ ಮಾತು. ಕಾರ್ಡ್ ಇಲ್ಲದವರು ವೃತ್ತದಲ್ಲೂ ಇರಲಿಲ್ಲ, ಮರದ ಕೆಳಗೂ ಇರಲಿಲ್ಲ.

ಗುಲಾಬಿ ಸೀರೆ

ಕೆರೆಕೋಡಿಯವರೇ, ನೀರಗಂಟಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪಟ್ಟಿ ಇರಲಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ನಮ್ಮ ಹತ್ತಿರ ಇತ್ತು.

ನಾನು ಆಶಾ ಕಾರ್ಯಕರ್ತೆ. ರಾಜ್ಯದಲ್ಲಿ ನಾವು ಸುಮಾರು 42 ಸಾವಿರ ಜನ. ಒಬ್ಬೊಬ್ಬರಿಗೆ ಹೆಚ್ಚುಕಮ್ಮಿ ಸಾವಿರ ಜನಸಂಖ್ಯೆ. ಯಾರು ಬಸುರಿ, ಯಾವ ಮಗುವಿಗೆ ಯಾವ ಲಸಿಕೆ ಬಾಕಿ, ಯಾರು ಟಿಬಿ ಮಾತ್ರೆ ತಗೊಳ್ತಿದ್ದಾರೆ, ಎಲ್ಲ ನಮ್ಮ ಡೈರಿಯಲ್ಲಿ ಇರುತ್ತದೆ. ಆ ಡೈರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತದೆ. ಪಂಚಾಯಿತಿ ಅದೇ ರಸ್ತೆಯಲ್ಲಿದ್ದರೂ ಅಲ್ಲಿಗೆ ಹೋಗುವುದಿಲ್ಲ. ಅಂಗನವಾಡಿಯ ಪುಸ್ತಕ ಇನ್ನೊಂದು ಇಲಾಖೆಗೆ. ಪಡಿತರದ ಲೆಕ್ಕ ಮತ್ತೊಂದಕ್ಕೆ. ಒಂದೇ ಮನೆಯ ಬಗ್ಗೆ ನಾಲ್ಕು ಕಡೆ ಬರೆದಿರುತ್ತೆ. ಆ ನಾಲ್ಕೂ ಎಂದೂ ಒಂದೇ ಮೇಜಿನ ಮೇಲೆ ಬರುವುದಿಲ್ಲ.

ಇನ್ನೊಂದು. ಬರೆದಿಡಿ ಅನ್ನುವುದು ಸುಲಭ. ಬರೆಯುವವರಿಗೆ ಏನು? ಬೇಸಿಗೆ ಬಿಸಿಲಲ್ಲಿ ಮನೆಮನೆ ಸರ್ವೆ ಮಾಡಿದೆವು. ಕೆಲವು ಮನೆಯವರು ಗೇಟ್ ತೆಗೆಯಲಿಲ್ಲ, ಕೆಲವರು ಬೈದರು. ಮೊದಲಿಗೆ ಸರಿಯಾದ ಮಾಸ್ಕ್ ಕೂಡ ಇರಲಿಲ್ಲ. ನಾನು ಹಳೇ ಸೀರೆ ಕತ್ತರಿಸಿ ಹೊಲಿದುಕೊಂಡಿದ್ದೆ. 2020ರ ಜುಲೈನಲ್ಲಿ ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಅಂತ ಕೆಲಸ ನಿಲ್ಲಿಸಿ ಕೂತೆವು. ಆಗಲೂ ಬಾಣಂತಿಯರ ಫೋನ್ ಬಂದರೆ ಎತ್ತುತ್ತಿದ್ದೆವು.

ಕೊನೆಗೆ ಒಂದು ಎಚ್ಚರಿಕೆ. ಪಟ್ಟಿಯಿಂದ ಜನರಿಗೆ ಪೆಟ್ಟೂ ಬೀಳುತ್ತದೆ. ಹೊರಗಿಂದ ಬಂದವರ ಕೈ ಹಿಂಬದಿಗೆ ಮುದ್ರೆ ಒತ್ತಿದ್ದು, ಬಾಗಿಲಿಗೆ ನೋಟಿಸ್ ಅಂಟಿಸಿದ್ದು ನೆನಪಿದೆ ಅಲ್ವಾ? ನನ್ನ ಕೆಲಸದ ಬೀದಿಯಲ್ಲಿ ಒಂದು ಮನೆಯವರು ಹಸು ಸಾಕಿ ಹಾಲು ಹಾಕುತ್ತಿದ್ದರು. ನೋಟಿಸ್ ಅಂಟಿದ ಮೇಲೆ ಹಾಲು ಯಾರೂ ತಗೊಳ್ಳಲಿಲ್ಲ. ಹದಿನಾಲ್ಕು ದಿನ ಮುಗಿಯಿತು, ನೋಟಿಸ್ ಕಿತ್ತರು. ಗೋಡೆಯಲ್ಲಿ ಅಂಟಿನ ಚೌಕ ಉಳಿಯಿತು. ಆ ಚೌಕ ನೋಡಿ ಇನ್ನೂ ಎರಡು ತಿಂಗಳು ಜನ ಹಾಲು ಬೇಡ ಅಂದರು. ಆಮೇಲೆ ಅವರೇ ಸುಣ್ಣ ಬಳಿದರು.

ಕೆರೆಕೋಡಿ

ಬೇಜಾರೇನೂ ಇಲ್ಲ ಅಕ್ಕ. ನೀವು ಹೇಳಿದ್ದು ಸರಿ. ನಾನು ‘ಪಂಚಾಯಿತಿಗೆ ಗೊತ್ತಿರಲಿಲ್ಲ’ ಅಂತ ಬರೆಯಬೇಕಿತ್ತು. ಊರಿಗೆ ಗೊತ್ತಿತ್ತು.

ಅಂಟಿನ ಚೌಕದ ಮಾತು ತಲೆಯಿಂದ ಹೋಗುತ್ತಿಲ್ಲ. ಈ ಪುಸ್ತಕದಲ್ಲೂ ಕಾಯಿಲೆ ಹೆಸರು ಇರುವ ಸಾಲುಗಳಿವೆ. ಹಾಗಾಗಿ ಇದನ್ನು ಕಚೇರಿಯ ಕಪಾಟಿಗೆ ಹಾಕದೆ ಮನೆಯಲ್ಲೇ ಇಟ್ಟುಕೊಂಡಿದ್ದೇನೆ.

ಗಡಿಯಾಚೆಯಿಂದ ಬಂದವ

ಬೇಲಿ ಹಾಕಿಸಿಕೊಂಡವರ ಕಡೆಯಿಂದ ಒಂದು ಮಾತು.

ನಾನು ಮಂಡ್ಯ ಜಿಲ್ಲೆಯವನು. ಮುಂಬೈನಲ್ಲಿ ಹೋಟೆಲ್ ಕೆಲಸ. 2020ರ ಮೇ ತಿಂಗಳಲ್ಲಿ ಹೆಂಡತಿ, ಇಬ್ಬರು ಮಕ್ಕಳ ಜೊತೆ ಊರಿಗೆ ಬಂದೆ. ಆ ತಿಂಗಳು ಮಂಡ್ಯದಲ್ಲಿ ಸಿಕ್ಕ ಪಾಸಿಟಿವ್‌ಗಳಲ್ಲಿ ಮುಂಬೈನಿಂದ ಬಂದವರೇ ಜಾಸ್ತಿ ಇದ್ದರು. ಹಾಗಾಗಿ ನಮ್ಮನ್ನು ಕಂಡರೆ ಹೆದರಿಕೆ. ಊರಿನ ದಾರಿಗೆ ಜಾಲಿಮುಳ್ಳು ಎಳೆದಿದ್ದರು. ಮುಳ್ಳಿನ ಆಚೆ ನಿಂತವರಲ್ಲಿ ನನ್ನ ಚಿಕ್ಕಪ್ಪನೂ ಇದ್ದರು. ಅವರ ಕಣ್ಣಲ್ಲಿ ನೀರಿತ್ತು, ಆದರೂ ಮುಳ್ಳು ಸರಿಸಲಿಲ್ಲ. ಅವರನ್ನು ಈಗ ದೂರುವುದಿಲ್ಲ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಇದ್ದರು.

ನಮ್ಮನ್ನು ಶಾಲೆಯಲ್ಲಿ ಇಟ್ಟರು. ಕಪ್ಪು ಹಲಗೆಯ ಮೇಲೆ ಮಾರ್ಚ್ ತಿಂಗಳ ಪಾಠ ಹಾಗೇ ಇತ್ತು, ಗುಣಿಸುವ ಲೆಕ್ಕ. ನನ್ನ ಮಗಳು ಅದನ್ನೇ ದಿನಾ ನೋಡಿ ನೋಡಿ ಬಾಯಿಪಾಠ ಮಾಡಿದಳು. ಊಟ ಪಂಚಾಯಿತಿಯಿಂದ ಬರುತ್ತಿತ್ತು. ತಂದಿಟ್ಟು ಹೋಗುತ್ತಿದ್ದವರು ಒಬ್ಬ ಹೆಂಗಸು. ಅವರ ಮುಖ ಪೂರ್ತಿ ನೋಡಿಲ್ಲ, ಬಟ್ಟೆ ಕಟ್ಟಿಕೊಂಡಿರುತ್ತಿದ್ದರು. ಒಂದು ದಿನ ಮಗನಿಗೆ ಜ್ವರ ಬಂತು. ನಾನು ಹೇಳಲಿಲ್ಲ, ಹೆದರಿಕೆ. ಅವರೇ ಕಿಟಕಿಯಿಂದ ನೋಡಿ ‘ಹುಡುಗ ಇವತ್ತು ಎದ್ದು ಬರಲಿಲ್ಲ ಯಾಕೆ’ ಅಂತ ಕೇಳಿದರು. ಆ ಒಂದು ಪ್ರಶ್ನೆಯಿಂದ ಡಾಕ್ಟರ್ ಬಂದರು.

ಹೊರಗೆ ಬಂದಾಗ ಮುಂಬೈನ ಪಟ್ಟಿಯಲ್ಲೂ ನಾನಿಲ್ಲ, ಊರಿನ ಕಾರ್ಡ್‌ನಲ್ಲೂ ಇಲ್ಲ. ಪಂಚಾಯಿತಿಗೆ ಹೋಗಿ ಜಾಬ್ ಕಾರ್ಡ್ ಕೇಳಿದೆ. ಮಾಡಿಕೊಟ್ಟರು. ನರೇಗಾದಲ್ಲಿ ಕೂಲಿ ಆಗ ದಿನಕ್ಕೆ 275 ರೂಪಾಯಿ. ನಾನು, ನನ್ನ ಹೆಂಡತಿ ಇಬ್ಬರೂ ಕೆರೆ ಹೂಳು ತೆಗೆದೆವು. ಹದಿನೈದು ವರ್ಷ ಊರು ಬಿಟ್ಟಿದ್ದವನ ಹೆಸರು ಊರಿನ ಪುಸ್ತಕದಲ್ಲಿ ಮತ್ತೆ ಸೇರಿದ್ದು ಆ ಜಾಬ್ ಕಾರ್ಡ್‌ನಿಂದ. ಅದು ಇನ್ನೂ ನನ್ನ ಹತ್ತಿರ ಇದೆ.

ಎರಡನೇ ಮಹಡಿ

ನಾನು ಬೆಂಗಳೂರು. ಇಲ್ಲಿ ಕತೆ ಬೇರೆ, ನೋವು ಅದೇ.

ಆಗ ಪಾಲಿಕೆಯಲ್ಲಿ 198 ವಾರ್ಡ್ ಇದ್ದವು. ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಚುನಾವಣೆ ಆಗಲಿಲ್ಲ. ಅಂದರೆ 2021ರ ಏಪ್ರಿಲ್, ಮೇ ತಿಂಗಳಲ್ಲಿ, ಒಂದು ಹಾಸಿಗೆಗೆ ಹತ್ತು ಜನ ಫೋನ್ ಮಾಡುತ್ತಿದ್ದಾಗ, ವಾರ್ಡ್‌ನಲ್ಲಿ ನಾವು ಆರಿಸಿದವರು ಅಂತ ಒಬ್ಬರೂ ಇರಲಿಲ್ಲ. ಅಧಿಕಾರಿಗಳು ಇದ್ದರು, ವಾರ್ ರೂಮ್ ಇತ್ತು. ಆದರೆ ‘ಮೂರನೇ ಅಡ್ಡರಸ್ತೆಯ ಮೂಲೆ ಮನೆ’ ಅಂದರೆ ಅರ್ಥವಾಗುವ ಒಬ್ಬರು ಬೇಕಿತ್ತು. ನಾವು ಏಳೆಂಟು ಜನ ಸೇರಿ ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡು ಊಟ, ಆಕ್ಸಿಜನ್ ಸಿಲಿಂಡರ್ ಅಂತ ಓಡಾಡಿದೆವು.

ಆದರೆ ನಾನು ಹೇಳಬೇಕು ಅಂದುಕೊಂಡಿದ್ದು ಮೊದಲ ಲಾಕ್‌ಡೌನ್‌ನ ವಿಷಯ. ನಮ್ಮ ಅಪಾರ್ಟ್‌ಮೆಂಟ್ ಹಿಂದಿನ ಗೋಡೆಯ ಆಚೆ ತಗಡಿನ ಶೆಡ್‌ಗಳು. ಕಟ್ಟಡ ಕೆಲಸದವರು, ಬಿಹಾರ, ಒಡಿಶಾ ಕಡೆಯವರು. ನಮ್ಮ ಅಡುಗೆಮನೆ ಕಿಟಕಿಯಿಂದ ಅವರ ಒಲೆ ಕಾಣುತ್ತದೆ. ನಾಲ್ಕು ವರ್ಷದಿಂದ ಕಾಣುತ್ತಿತ್ತು. ಏಪ್ರಿಲ್‌ನಲ್ಲಿ ಒಂದು ದಿನ ಒಲೆ ಹೊಗೆ ಕಾಣಲಿಲ್ಲ. ಮಾರನೇ ದಿನವೂ ಇಲ್ಲ. ಆಗ ಕೆಳಗಿಳಿದು ಹೋಗಿ ಕೇಳಿದೆ. ಅಕ್ಕಿ ಮುಗಿದಿತ್ತು. ಗುತ್ತಿಗೆದಾರ ಫೋನ್ ಎತ್ತುತ್ತಿರಲಿಲ್ಲ. ಅವರಲ್ಲಿ ಮೂವರು ಮಕ್ಕಳು.

ಮೇ 5ರಂದು ರಾಜ್ಯ ಸರ್ಕಾರ ವಲಸೆ ಕಾರ್ಮಿಕರ ರೈಲುಗಳನ್ನು ನಿಲ್ಲಿಸಲು ಹೇಳಿತು. ಎರಡು ದಿನಕ್ಕೆ ಆ ತೀರ್ಮಾನ ಬದಲಾಯಿತು. ಆದರೆ ಆ ಎರಡು ದಿನದಲ್ಲೇ ನಮ್ಮ ಗೋಡೆ ಆಚೆಯವರು ಗಂಟು ಕಟ್ಟಿಕೊಂಡು ನಡೆದುಬಿಟ್ಟರು. ತಲುಪಿದರಾ ಅಂತ ತಿಳಿಯಲು ನನ್ನ ಹತ್ತಿರ ಒಬ್ಬರ ನಂಬರೂ ಇರಲಿಲ್ಲ. ನಾಲ್ಕು ವರ್ಷ ಅವರ ಒಲೆ ನೋಡಿದವಳು ನಾನು.

ಬೆಳಗಿನ ಗಾಡಿ

ನಮ್ಮ ಅಮ್ಮ ಪೌರಕಾರ್ಮಿಕರು. ಒಂದು ಸಣ್ಣ ಪಟ್ಟಣದ ಪುರಸಭೆ. 700 ಜನಕ್ಕೆ ಒಬ್ಬ ಪೌರಕಾರ್ಮಿಕರು ಇರಬೇಕು ಅನ್ನುವುದು ರಾಜ್ಯದ ಲೆಕ್ಕ. ಅಮ್ಮನ ಪಾಲಿಗೆ ಬಂದ ಬೀದಿಗಳು ಅದಕ್ಕಿಂತ ತುಂಬ ಜಾಸ್ತಿ.

ಅಮ್ಮ ಓದು ಬರಹ ಕಲಿತವರಲ್ಲ. ಆದರೆ ಕಸದಿಂದ ಮನೆ ಓದುತ್ತಾರೆ. ‘ಆ ಮನೆಯಲ್ಲಿ ಮೂರು ದಿನದಿಂದ ತರಕಾರಿ ಸಿಪ್ಪೆ ಇಲ್ಲ, ಒಲೆ ಹಚ್ತಿಲ್ಲ ಅನ್ಸುತ್ತೆ’ ಅಂತ ಒಂದು ಸಂಜೆ ಹೇಳಿದರು. ನಾನು ಹೋಗಿ ನೋಡಿದೆ. ವಯಸ್ಸಾದ ಗಂಡ ಹೆಂಡತಿ. ಬ್ರೆಡ್ ತಿಂದುಕೊಂಡು ಇದ್ದರು. ಮಗ ವಿದೇಶದಲ್ಲಿ. ಇಬ್ಬರಿಗೂ ಜ್ವರ. ಪಕ್ಕದ ಮನೆಯವರಿಗೆ ಗೊತ್ತಿರಲಿಲ್ಲ.

ಮಾರ್ಚ್ 22ರ ಜನತಾ ಕರ್ಫ್ಯೂ ದಿನ ಸಂಜೆ ಐದಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರಲ್ಲ, ಅಮ್ಮ ಅವತ್ತು ತುಂಬ ಖುಷಿಯಿಂದ ಹೇಳಿಕೊಂಡಿದ್ದರು. ಆಮೇಲೆ ಪುರಸಭೆಯಿಂದ ಯಾರಾದರೂ ಬಂದು ‘ನಿನಗೆ ಯಾವ ಮನೆ ಬಗ್ಗೆ ಏನು ಗೊತ್ತು’ ಅಂತ ಕೇಳಿದರಾ? ಇಲ್ಲ. ಕೇಳಿದ್ದರೆ ಒಂದು ಗಂಟೆ ಹೇಳುತ್ತಿದ್ದರು. ಅವರ ಹತ್ತಿರ ನೋಟ್‌ಬುಕ್ ಇಲ್ಲ, ಎಲ್ಲ ತಲೆಯಲ್ಲೇ. ಇನ್ನು ಮೂರು ವರ್ಷಕ್ಕೆ ನಿವೃತ್ತಿ.

ಕತ್ತರಿ ಬಾಚಣಿಗೆ

ನನ್ನದು ಚಿಕ್ಕ ಮಾತು. ನಾನು ಕ್ಷೌರ ಅಂಗಡಿ ನಡೆಸುವವನು. 2020ರ ಮೇ 6ರಂದು ಸರ್ಕಾರ ನಮಗೆ ತಲಾ 5 ಸಾವಿರ ರೂಪಾಯಿ ಅಂತ ಹೇಳಿತು. ಕ್ಷೌರಿಕರು 2 ಲಕ್ಷ 30 ಸಾವಿರ, ಅಗಸರು 60 ಸಾವಿರ ಅಂತ ಲೆಕ್ಕ ಕೊಟ್ಟರು. ಕೇಳಿ ಕಣ್ಣು ತುಂಬಿ ಬಂತು. ಅಂಗಡಿ ಬಾಗಿಲು ಹಾಕಿ ಆರು ವಾರ ಆಗಿತ್ತು.

ಅರ್ಜಿ ಹಾಕಲು ಹೋದೆ. ನೀನು ಈ ಕೆಲಸ ಮಾಡುವವನು ಅನ್ನುವುದಕ್ಕೆ ಕಾಗದ ತಾ ಅಂದರು. 22 ವರ್ಷದಿಂದ ಒಂದೇ ಅಂಗಡಿ. ಕಾಗದ ಕೇಳಿದವರ ತಲೆಗೂ ನಾನೇ ಕತ್ತರಿ ಹಾಕಿದ್ದೆ. ಆದರೂ ಕಾಗದದಲ್ಲಿ ನಾನಿರಲಿಲ್ಲ. ಲೈಸೆನ್ಸ್ ಮಾಡಿಸಿರಲಿಲ್ಲ, ಅದು ನನ್ನ ತಪ್ಪು. ಹದಿನೈದು ದಿನ ಅಲೆದ ಮೇಲೆ ಒಬ್ಬರು ಬರೆದುಕೊಟ್ಟರು. ದುಡ್ಡು ಬಂತು. ನನ್ನ ಪಕ್ಕದ ಅಂಗಡಿಯವನು ಅಲೆಯಲು ಆಗದೆ ಬಿಟ್ಟುಬಿಟ್ಟ.

ಅದಕ್ಕೆ ಹೇಳುವುದು, ಆ ಪುಸ್ತಕದಲ್ಲಿ ಯಾರು ಏನು ಕೆಲಸ ಮಾಡುತ್ತಾರೆ ಅನ್ನುವುದನ್ನೂ ಬರೆಯಿರಿ.

ಮಲೆನಾಡ ಮಳೆ

ಎಲ್ಲರ ಮಾತೂ ಓದಿದೆ. ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಪಟ್ಟಿ ಮಾಡಿದರೆ ಸಾಕು ಅನ್ನುವುದು ನನಗೆ ಒಪ್ಪಿಗೆ ಇಲ್ಲ.

ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದಕ್ಕೆ ಒಂದು ಕಿಲೋಮೀಟರ್. ಮಳೆಗಾಲದಲ್ಲಿ ಸಿಗ್ನಲ್ ಇಲ್ಲ, ಕರೆಂಟ್ ಇಲ್ಲ. ನಮ್ಮನ್ನು ಉಳಿಸಿದ್ದು ಇಬ್ಬರು. ಒಬ್ಬರು ಪೋಸ್ಟ್‌ಮ್ಯಾನ್, ಇನ್ನೊಬ್ಬರು ಲೈನ್‌ಮ್ಯಾನ್. ಜನಧನ್ ಖಾತೆಯ ಹೆಂಗಸರಿಗೆ ತಿಂಗಳಿಗೆ 500 ರೂಪಾಯಿ ಮೂರು ತಿಂಗಳು ಬಂತಲ್ಲ, ಅದನ್ನು ತೆಗೆಯಲು ಬ್ಯಾಂಕಿಗೆ ಹೋಗಬೇಕಾದರೆ ಬಸ್ಸಿಲ್ಲ. ಪೋಸ್ಟ್‌ಮ್ಯಾನ್ ಬೆರಳಚ್ಚಿನ ಯಂತ್ರ ತಂದು ಅಂಗಳದಲ್ಲೇ ದುಡ್ಡು ಎಣಿಸಿ ಕೊಟ್ಟರು. ಅಡಿಕೆ ಸುಲಿದು ಸುಲಿದು ಬೆರಳಚ್ಚು ಸವೆದ ಹೆಂಗಸರು ನಮ್ಮ ಕಡೆ ಜಾಸ್ತಿ. ಒಂದು ಬೆರಳು ಆಗದಿದ್ದರೆ ಇನ್ನೊಂದು, ಅದೂ ಆಗದಿದ್ದರೆ ಬಿಸಿ ನೀರಲ್ಲಿ ಅದ್ದಿ ಮತ್ತೆ. ಒಬ್ಬೊಬ್ಬರಿಗೆ ಅರ್ಧ ಗಂಟೆ. ಅವರು ಬೇಸರ ಮಾಡಲಿಲ್ಲ.

ಲೈನ್‌ಮ್ಯಾನ್ ಬಿಪಿ ಮಾತ್ರೆ ತಂದುಕೊಡುತ್ತಿದ್ದರು. ಮಾತ್ರೆಯ ಖಾಲಿ ಸ್ಟ್ರಿಪ್ ಅನ್ನು ಗೇಟಿಗೆ ಸಿಕ್ಕಿಸಿಟ್ಟರೆ ಅವರಿಗೆ ಅರ್ಥವಾಗುತ್ತಿತ್ತು. ಇವರಿಬ್ಬರೂ ಪಂಚಾಯಿತಿಯವರಲ್ಲ. ಅವರಿಗೆ ಬೇಕಿದ್ದದ್ದು ಪಟ್ಟಿ ಅಲ್ಲ, ಬರುವ ದಾರಿ, ನಿಲ್ಲುವ ಸಮಯ, ನೋಡುವ ಕಣ್ಣು. ಈಗ ನಮ್ಮ ಪೋಸ್ಟ್‌ಮ್ಯಾನ್‌ಗೆ ಎರಡು ಊರಿನ ಕೆಲಸ ಒಟ್ಟಿಗೆ ಕೊಟ್ಟಿದ್ದಾರೆ. ಅಂಗಳದಲ್ಲಿ ಅರ್ಧ ಗಂಟೆ ನಿಲ್ಲಲು ಅವರಿಗೆ ಆಗುವುದಿಲ್ಲ. ನೀವು ಎಷ್ಟೇ ಚಂದದ ಪುಸ್ತಕ ಮಾಡಿ, ಅದನ್ನು ಹಿಡಿದು ಬರುವವರಿಗೆ ಪುರುಸೊತ್ತು ಇಲ್ಲದಿದ್ದರೆ ಏನು ಉಪಯೋಗ?

ಓದುಮನೆ

ಮಲೆನಾಡಿನವರ ಮಾತು ನನಗೂ ಸರಿ ಅನಿಸಿತು. ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ.

ಲಾಕ್‌ಡೌನ್‌ನಲ್ಲಿ ಮಕ್ಕಳನ್ನು ಯಾರೂ ಲೆಕ್ಕಕ್ಕೆ ತಗೊಂಡಿರಲಿಲ್ಲ. ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಯಿತು. ಮೇಷ್ಟ್ರುಗಳು ಗುಡಿ ಜಗಲಿ, ಮರದ ನೆರಳಲ್ಲಿ ಪಾಠ ಮಾಡಿದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ನವೆಂಬರ್‌ನಲ್ಲಿ ‘ಓದುವ ಬೆಳಕು’ ಅಂತ ಕಾರ್ಯಕ್ರಮ ಬಂತು. 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವ. ಅಲ್ಲಿಯವರೆಗೆ ನಮ್ಮಲ್ಲಿ ಪೇಪರ್ ಓದಲು ಬರುವ ಹಿರಿಯರು ಬಿಟ್ಟರೆ ಯಾರೂ ಇರಲಿಲ್ಲ.

ಸದಸ್ಯತ್ವ ಬರೆದುಕೊಳ್ಳುವಾಗ ನನಗೆ ಗೊತ್ತಾದದ್ದೇ ಬೇರೆ. ಹೆಸರು, ತರಗತಿ ಕೇಳುತ್ತಾ ಹೋದೆ. ಮೂರು ಹುಡುಗಿಯರ ಹೆಸರು ಬರಲೇ ಇಲ್ಲ. ಗೆಳತಿಯರನ್ನು ಕೇಳಿದರೆ ಒಬ್ಬಳಿಗೆ ಮದುವೆ ಮಾತು ನಡೆಯುತ್ತಿದೆ ಅಂದರು. ಒಂಬತ್ತನೇ ಕ್ಲಾಸ್ ಹುಡುಗಿ. ಅಂಗನವಾಡಿ ಟೀಚರ್, ನಾನು, ಪಂಚಾಯಿತಿ ಸದಸ್ಯೆಯೊಬ್ಬರು ಹೋಗಿ ಕೂತು ಮಾತಾಡಿದೆವು. ಮದುವೆ ನಿಂತಿತು. ಪುಸ್ತಕದಲ್ಲಿ ಬಾರದೇ ಇದ್ದ ಹೆಸರನ್ನು ಹುಡುಕಿಕೊಂಡು ಹೋಗಿದ್ದಕ್ಕೆ ಆಗಿದ್ದು ಅದು. ಅವಳು ಈಗ ನರ್ಸಿಂಗ್ ಓದುತ್ತಿದ್ದಾಳೆ, ರಜೆಗೆ ಬಂದಾಗ ನಮ್ಮಲ್ಲಿಗೂ ಬರುತ್ತಾಳೆ.

ಹಳೇ ಬಿಲ್ ಕಲೆಕ್ಟರ್

ಕೆರೆಕೋಡಿಯವರೇ, ನಾನು ಯೋಚನೆ ಮಾಡಿ ಒಂದು ದಾರಿ ಹೇಳುತ್ತೇನೆ. ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಗ್ರಾಮಸಭೆ ಆರು ತಿಂಗಳಿಗೆ ಒಂದಾದರೂ ಆಗಲೇಬೇಕು. ಅದಕ್ಕೂ ಮುಂಚೆ ವಾರ್ಡ್ ಸಭೆ. ವಾರ್ಡ್ ಸಭೆಯಲ್ಲಿ ಮನೆ ಕೊಡಿ, ಚರಂಡಿ ಮಾಡಿ ಅನ್ನುವ ಮಾತಿನ ಜೊತೆ ಈ ಪುಸ್ತಕವನ್ನೂ ಇಡಿ. ಒಂದು ವಾರ್ಡ್‌ಗೆ ಒಂದು ಪುಸ್ತಕ. ಅದರಲ್ಲಿ ಕಾಯಿಲೆ ಹೆಸರು ಬೇಡ. ‘ಔಷಧಿ ತಪ್ಪಬಾರದು’ ಅಂತ ಬರೆದರೆ ಸಾಕು. ‘ಒಬ್ಬರೇ’, ‘ಕಾರ್ಡ್ ಇಲ್ಲ’, ‘ನಡೆಯಲು ಆಗಲ್ಲ’, ಇಷ್ಟು. ಯಾವ ಔಷಧಿ ಅನ್ನುವುದು ಆಶಾ ಅವರ ಡೈರಿಯಲ್ಲೇ ಇರಲಿ.

ಮನೆಯವರನ್ನು ಕೇಳಿ ಬರೆಯಿರಿ. ಬೇಡ ಅಂದರೆ ಬಿಡಿ.

ಅಧಿಕಾರ ಹಸ್ತಾಂತರ ಮಾಡುವಾಗ ನಗದು ಪುಸ್ತಕ, ಚೆಕ್ ಪುಸ್ತಕ, ಬೀಗದ ಕೈ ಎಲ್ಲ ಲೆಕ್ಕ ಹಾಕಿ ಸಹಿ ಮಾಡಿಸಿಕೊಳ್ಳುತ್ತೇವೆ. ಆ ಪಟ್ಟಿಯಲ್ಲಿ ಇದನ್ನೂ ಒಂದು ಸಾಲು ಸೇರಿಸಿ. ಆಗ ಮೋಟಾರ್ ಮನೆ ಗೂಡಿಗೆ ಹೋಗುವುದಿಲ್ಲ. ಪಿಡಿಒ ವರ್ಗವಾಗಿ ಹೋದರೂ, ಸದಸ್ಯರು ಸೋತರೂ, ಮತ್ತೆ ಆಡಳಿತಾಧಿಕಾರಿಯೇ ಬಂದು ಕೂತರೂ, ಪುಸ್ತಕ ಇರುತ್ತದೆ.

ಮಲೆನಾಡ ಮಳೆ

ಇದಕ್ಕೆ ನನ್ನ ಒಪ್ಪಿಗೆ ಇದೆ. ಒಂದು ಸಾಲು ಹೆಚ್ಚಿಗೆ ಬರೆಯಿರಿ: ಆ ಮನೆಗೆ ದಿನಾ ಹೋಗುವವರು ಯಾರು. ಹಾಲಿನವರೋ, ಪೋಸ್ಟ್‌ಮ್ಯಾನೋ, ಪಕ್ಕದ ಮನೆ ಹುಡುಗನೋ. ಯಾರೂ ಇಲ್ಲ ಅಂತ ಬಂದ ಮನೆಗೆ ಗುರುತು ಹಾಕಿ.

ಕೆರೆಕೋಡಿ

ಇವತ್ತು ಬೆಳಗ್ಗೆ ಹೊಸ ನೀರಗಂಟಿ ಹುಡುಗನ ಜೊತೆ ಐದಕ್ಕೆ ಹೊರಟೆ. ಹಳಬರೂ ಬಂದಿದ್ದರು, ಕರೆದಿದ್ದೆ. ಪುಸ್ತಕ ಹಿಡಿದು ಮೇಲಿನ ಬೀದಿಯಿಂದ ಶುರು ಮಾಡಿದೆವು. ವಾಲ್ವ್ ಎಲ್ಲೆಲ್ಲಿ ಇದೆ, ಯಾವುದನ್ನು ಎಷ್ಟು ಸುತ್ತು ತಿರುಗಿಸಬೇಕು ಅಂತ ತೋರಿಸುತ್ತಾ, ಜೊತೆಜೊತೆಗೇ ‘ಈ ಮನೆಯ ಯಜಮಾನರಿಗೆ ಕಿವಿ ಕೇಳಲ್ಲ, ಬಾಗಿಲು ಬಡಿಯಬೇಡ, ಕಿಟಕಿ ಹತ್ತಿರ ನಿಲ್ಲು’ ಅಂತ ಹುಡುಗನಿಗೆ ಹೇಳುತ್ತಿದ್ದರು. ಹುಡುಗ ಮೊಬೈಲ್‌ನಲ್ಲಿ ಬರೆದುಕೊಂಡ. ನಾನು ಹೊಸ ಪುಸ್ತಕದಲ್ಲಿ ಬರೆದೆ.

63 ಸಾಲಿನಲ್ಲಿ 17 ಆಯಿತು. ಹುಣಸೆಮರದ ಮನೆಯ ಅಜ್ಜಿ ತೀರಿಕೊಂಡು ಎರಡು ವರ್ಷವಾಗಿದೆ, ನನಗೆ ಗೊತ್ತಿತ್ತು. ಆ ಮನೆಯಲ್ಲಿ ಈಗ ಅವರ ತಂಗಿ ಇದ್ದಾರೆ, ಒಬ್ಬರೇ. ಅದು ಗೊತ್ತಿರಲಿಲ್ಲ. ಮಡಕೆ ಅದೇ ಜಾಗದಲ್ಲಿದೆ, ಅವರಿಗೂ ಸಕ್ಕರೆ ಕಾಯಿಲೆ. ಗಿರಣಿ ಹಿಂದಿನ ಮನೆಯ ಮಗುವಿಗೆ ಐದು ತುಂಬಿದೆ, ನಮ್ಮ ಹಿಂದೆಯೇ ಅರ್ಧ ಬೀದಿ ಓಡಿ ಬಂತು. ಇಟ್ಟಿಗೆ ಗೂಡಿನಲ್ಲಿ ಹಳೆಯ 11 ಜನ ಇಲ್ಲ. ಬೇರೆ 14 ಜನ ಇದ್ದಾರೆ. ಅವರಿಗೂ ಕಾರ್ಡ್ ಇಲ್ಲ. ಹೆಸರು ಬರೆದುಕೊಂಡೆ.

ಬೆಳಕಾದ ಮೇಲೆ ಕೆಳಗಿನ ಕೇರಿಗೆ ಹೋದರೆ ಬಾಗಿಲೆಲ್ಲ ಬೀಗ. ಅಲ್ಲಿ ಒಬ್ಬರೂ ಸಿಗಲಿಲ್ಲ. ಬುಧವಾರ ಮತ್ತೆ ಹೋಗುತ್ತೇವೆ.

ಗುಲಾಬಿ ಸೀರೆ

ಬುಧವಾರ ಕೆಳಗಿನ ಕೇರಿಯಿಂದಲೇ ಶುರು ಮಾಡಿ. ಕೂಲಿಗೆ ಹೋಗುವವರು ಆರೂವರೆಗೆಲ್ಲ ಹೊರಟುಬಿಡುತ್ತಾರೆ. ನೀರು ಕೂಡ ಅವರಿಗೆ ಮೊದಲು ಬಿಡಿ. ಕೊಡ ತುಂಬುವವರೆಗೆ ನಿಂತಿರುತ್ತಾರೆ, ಆಗ ಮಾತಾಡಿ. ನಿಮ್ಮ ಊರಿನ ಆಶಾ ಅವರನ್ನೂ ಕರೆದುಕೊಂಡು ಹೋಗಿ, ಹಿಂದಿನ ದಿನವೇ ಹೇಳಿ. ಅವರಿಗೂ ಮನೆಯಲ್ಲಿ ಬೆಳಗಿನ ಕೆಲಸ ಇರುತ್ತದೆ.